ಅಮೇರಿಕದ ಸಂದರ್ಶಕ ವೀಸಾ ನಿರಾಕರಣೆ ಮತ್ತು ಮರು ಅರ್ಜಿ

ಅಮೇರಿಕ ಸಂಯುಕ್ತ ಸಂಸ್ಥಾನಕ್ಕೆ ತಾತ್ಕಾಲಿಕ ಭೇಟಿ ನೀಡಲು ಬೇಕಾದ ಬಿ-1 (ವ್ಯವಹಾರ) ಅಥವಾ ಬಿ-2 (ಪ್ರವಾಸ, ಬಂಧುಗಳ ಭೇಟಿ, ವೈದ್ಯಕೀಯ ಚಿಕಿತ್ಸೆ) ವೀಸಾವನ್ನು ನಿರಾಕರಿಸಿದಾಗ, ಅರ್ಜಿದಾರರು ಅದೇ ವೀಸಾಕ್ಕಾಗಿ ಹೊಸದಾಗಿ ಸಲ್ಲಿಸುವ ಕೋರಿಕೆಯೇ ಮರು ಅರ್ಜಿ. ಸಂದರ್ಶಕ ವೀಸಾ ನಿರಾಕರಣೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ಅವಕಾಶವಿಲ್ಲದಿರುವುದರಿಂದ ಹೆಚ್ಚಿನವರಿಗೆ ಉಳಿಯುವ ಮಾರ್ಗ ಇದೊಂದೇ ಆಗಿದೆ. ವಿದೇಶದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು, ಬಾಣಂತನಕ್ಕೆ ನೆರವಾಗಲು ಅಥವಾ ಮದುವೆಯಲ್ಲಿ ಪಾಲ್ಗೊಳ್ಳಲು ಹೊರಡುವ ಭಾರತೀಯ ತಂದೆ-ತಾಯಿಯರಲ್ಲಿ ಅನೇಕರು ಈ ಪ್ರಕ್ರಿಯೆಯನ್ನು ಎದುರಿಸುತ್ತಾರೆ.

ಕಾನೂನಿನ ಹಿನ್ನೆಲೆ

ವೀಸಾ ನೀಡಿಕೆಗೆ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯೇ ಆಧಾರ. ಅದರ 214(ಬಿ) ಕಲಮಿನ ಪ್ರಕಾರ, ಸಂದರ್ಶಕ ವೀಸಾ ಕೋರುವ ಪ್ರತಿಯೊಬ್ಬರನ್ನೂ ಅಮೇರಿಕದಲ್ಲಿಯೇ ನೆಲೆಸುವ ಉದ್ದೇಶವುಳ್ಳವರೆಂದು ಮೊದಲು ಭಾವಿಸಲಾಗುತ್ತದೆ. ಈ ಭಾವನೆ ತಪ್ಪೆಂದು ವೀಸಾ ಅಧಿಕಾರಿಗೆ ಮನವರಿಕೆಯಾಗುವಂತೆ ತೋರಿಸಬೇಕಾದ ಹೊಣೆ ಅರ್ಜಿದಾರರದ್ದು. ಎಚ್-1ಬಿ ಮತ್ತು ಎಲ್ ವರ್ಗದ ಉದ್ಯೋಗ ವೀಸಾಗಳಿಗೆ ಈ ಪೂರ್ವಭಾವನೆಯಿಂದ ವಿನಾಯಿತಿ ಇದೆ. ಸಂದರ್ಶಕ ವೀಸಾಕ್ಕೆ ಇಲ್ಲ.

ನಿರಾಕರಣೆಯ ವಿಧಗಳು

ಮರು ಅರ್ಜಿಯ ದಾರಿಯು ನಿರಾಕರಣೆಗೆ ಬಳಸಿದ ಕಲಮನ್ನು ಅವಲಂಬಿಸಿದೆ. ಈ ಕಲಮನ್ನು ಅಧಿಕಾರಿಯು ಅರ್ಜಿದಾರರಿಗೆ ತಿಳಿಸಬೇಕು.

214(ಬಿ): ಸ್ವದೇಶಕ್ಕೆ ಮರಳುವಂತೆ ಮಾಡುವ ಬಲವಾದ ಸಂಬಂಧಗಳು ಮನವರಿಕೆಯಾಗದಿದ್ದಾಗ, ಅಥವಾ ಪ್ರವಾಸದ ಉದ್ದೇಶವು ವೀಸಾ ವರ್ಗಕ್ಕೆ ಹೊಂದದಿದ್ದಾಗ ಬಳಸುವ ಕಲಮು. ಈ ನಿರ್ಣಯವು ಆ ಒಂದು ಅರ್ಜಿಗೆ ಮಾತ್ರ ಅನ್ವಯಿಸುತ್ತದೆ, ಶಾಶ್ವತ ನಿಷೇಧವಲ್ಲ.

221(ಜಿ): ದಾಖಲೆಗಳ ಕೊರತೆ ಇದ್ದಾಗ ಅಥವಾ ಹೆಚ್ಚಿನ ಪರಿಶೀಲನೆ ಬೇಕಾದಾಗ ಬಳಸುವ ಕಲಮು. ಕಾನೂನಿನ ದೃಷ್ಟಿಯಲ್ಲಿ ಇದೂ ನಿರಾಕರಣೆಯೇ. ಆದರೆ ಕೇಳಿದ ದಾಖಲೆಗಳನ್ನು 1 ವರ್ಷದೊಳಗೆ ಒದಗಿಸಿದರೆ ಅದೇ ಅರ್ಜಿ ಮುಂದುವರಿಯುತ್ತದೆ, ಹೊಸ ಶುಲ್ಕ ಬೇಕಿಲ್ಲ. ಅವಧಿ ಮೀರಿದರೆ ಮರು ಅರ್ಜಿ ಅನಿವಾರ್ಯ.

212(ಎ): ಅಪರಾಧ, ವಂಚನೆ, ಹಿಂದಿನ ಅಕ್ರಮ ವಾಸ ಮುಂತಾದ ಕಾರಣಗಳಿಂದ ಬರುವ ಅನರ್ಹತೆ. 180 ದಿನಗಳಿಗಿಂತ ಹೆಚ್ಚು, ಆದರೆ 1 ವರ್ಷಕ್ಕಿಂತ ಕಡಿಮೆ ಕಾಲ ಅಕ್ರಮವಾಗಿ ಉಳಿದು ಹೊರಬಂದವರಿಗೆ 3 ವರ್ಷ, 1 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದವರಿಗೆ 10 ವರ್ಷ ಪ್ರವೇಶ ನಿರ್ಬಂಧವಿರುತ್ತದೆ. ಇಂತಹವರು ಮರು ಅರ್ಜಿಯೊಂದಿಗೆ ವಿನಾಯಿತಿಯನ್ನೂ ಪಡೆಯಬೇಕಾಗುತ್ತದೆ.

ಮರು ಅರ್ಜಿಯ ಕ್ರಮ

214(ಬಿ) ನಿರಾಕರಣೆಯ ನಂತರ ಇಂತಿಷ್ಟು ದಿನ ಕಾಯಬೇಕೆಂಬ ನಿಯಮ ಕಾನೂನಿನಲ್ಲಿಲ್ಲ. ಆದರೆ ಹಳೆಯ ಕಡತ ಮತ್ತೆ ತೆರೆಯುವುದಿಲ್ಲ. ಹೊಸ ಡಿಎಸ್-160 ಅರ್ಜಿ ತುಂಬಿ, ಶುಲ್ಕ ಕಟ್ಟಿ, ಮತ್ತೊಮ್ಮೆ ಸಂದರ್ಶನಕ್ಕೆ ಹಾಜರಾಗಬೇಕು. ಅರ್ಜಿ ಶುಲ್ಕವು 2023ರ ಜೂನ್ 17ರಿಂದ 185 ಡಾಲರ್ ಆಗಿದ್ದು, ವೀಸಾ ದೊರೆಯದಿದ್ದರೂ ಹಿಂದಿರುಗಿಸಲಾಗುವುದಿಲ್ಲ. ದಂಪತಿಗಳು ಜೊತೆಯಾಗಿ ಹೋದರೂ ಇಬ್ಬರೂ ಪ್ರತ್ಯೇಕ ಅರ್ಜಿ ಮತ್ತು ಪ್ರತ್ಯೇಕ ಶುಲ್ಕ ಸಲ್ಲಿಸಬೇಕು.

ಪರಿಸ್ಥಿತಿಯಲ್ಲಿ ಗಣನೀಯ ಬದಲಾವಣೆ ಇದ್ದಾಗ ಅಥವಾ ಹೊಸ ಮಾಹಿತಿ ಇದ್ದಾಗ ಮರು ಅರ್ಜಿ ಸಲ್ಲಿಸುವಂತೆ ಅಮೇರಿಕದ ವಿದೇಶಾಂಗ ಇಲಾಖೆ ಸಲಹೆ ನೀಡುತ್ತದೆ. ಸ್ಥಿರವಾದ ಉದ್ಯೋಗ, ಊರಿನಲ್ಲಿರುವ ಕುಟುಂಬದ ಹೊಣೆ, ಆಸ್ತಿ ಅಥವಾ ಜಮೀನು, ಬೇರೆ ದೇಶಗಳಿಗೆ ಹೋಗಿ ಸಕಾಲದಲ್ಲಿ ಮರಳಿದ ದಾಖಲೆ ಮುಂತಾದವು ಅರ್ಜಿದಾರರ ಚಿತ್ರಣವನ್ನು ಬದಲಿಸಬಲ್ಲವು. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ನಿರ್ಣಾಯಕವಲ್ಲ. ಒಟ್ಟು ಪರಿಸ್ಥಿತಿಯನ್ನು ನೋಡಲಾಗುತ್ತದೆ. ಮಕ್ಕಳು ಕಳುಹಿಸುವ ಆಹ್ವಾನ ಪತ್ರ ಕಡ್ಡಾಯವಲ್ಲ. ಖರ್ಚನ್ನು ಮಕ್ಕಳು ಭರಿಸುತ್ತಾರೆಂಬ ಭರವಸೆಯು ಹಣದ ಪ್ರಶ್ನೆಗೆ ಉತ್ತರವಾಗಬಹುದೇ ಹೊರತು, ಅರ್ಜಿದಾರರು ಮರಳುತ್ತಾರೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಏನೂ ಬದಲಾಗದೆ ಕೆಲವೇ ವಾರಗಳಲ್ಲಿ ಸಲ್ಲಿಸಿದ ಅರ್ಜಿಯು ಅದೇ ಪ್ರಶ್ನೆಯನ್ನು ಮತ್ತೆ ಎದುರಿಸುತ್ತದೆ.

ತಪ್ಪು ಮಾಹಿತಿಯ ಪರಿಣಾಮ

ಹಿಂದೆ ಅಮೇರಿಕದ ವೀಸಾ ನಿರಾಕರಣೆಯಾಗಿದೆಯೇ ಎಂಬ ನೇರ ಪ್ರಶ್ನೆ ಡಿಎಸ್-160ರಲ್ಲಿದೆ. ಹಳೆಯ ಅರ್ಜಿಯ ವಿವರಗಳು ಅಧಿಕಾರಿಗೆ ಲಭ್ಯವಿರುವುದರಿಂದ ಎರಡು ಅರ್ಜಿಗಳ ನಡುವಿನ ವ್ಯತ್ಯಾಸಗಳು ಗಮನಕ್ಕೆ ಬರುತ್ತವೆ. ಮಹತ್ವದ ಸಂಗತಿಯ ಬಗ್ಗೆ ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿ ವೀಸಾ ಪಡೆಯಲು ಯತ್ನಿಸಿದವರು 212(ಎ)(6)(ಸಿ) ಕಲಮಿನಂತೆ ಜೀವನಪರ್ಯಂತ ಅನರ್ಹರಾಗುತ್ತಾರೆ. ಹೀಗಾಗಿ ಬದಲಾಯಿಸಬಹುದಾಗಿದ್ದ ಸಾಮಾನ್ಯ ನಿರಾಕರಣೆಯೊಂದು ನಕಲಿ ಬ್ಯಾಂಕ್ ದಾಖಲೆ ಅಥವಾ ಸುಳ್ಳು ಉದ್ಯೋಗ ಪತ್ರದಿಂದ ಶಾಶ್ವತ ಸ್ವರೂಪ ಪಡೆಯಬಹುದು. ಅರ್ಜಿ ತುಂಬಲು ಏಜೆಂಟರ ನೆರವು ಪಡೆದರೆ ಅದನ್ನು ಅರ್ಜಿಯಲ್ಲಿ ತಿಳಿಸಬೇಕು. ವಿದ್ಯುನ್ಮಾನ ಸಹಿಯನ್ನು ಅರ್ಜಿದಾರರೇ ಹಾಕಬೇಕಾಗಿದ್ದು, ಅದರಲ್ಲಿನ ಮಾಹಿತಿಗೆ ಅವರೇ ಹೊಣೆಗಾರರು.

ನ್ಯಾಯಾಲಯದ ಪರಿಶೀಲನೆ

ವೀಸಾ ಅಧಿಕಾರಿಯ ತೀರ್ಮಾನವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ. ಬೆಲ್ಜಿಯಂನ ಚಿಂತಕ ಅರ್ನೆಸ್ಟ್ ಮ್ಯಾಂಡೆಲ್ ಅವರ ಪ್ರವೇಶಕ್ಕೆ ಸಂಬಂಧಿಸಿದ 1972ರ ತೀರ್ಪಿನಲ್ಲಿ, ಸರ್ಕಾರವು ಮೇಲ್ನೋಟಕ್ಕೆ ನ್ಯಾಯಬದ್ಧವಾದ, ಪ್ರಾಮಾಣಿಕವಾದ ಕಾರಣ ನೀಡಿದ್ದರೆ ಅದರಾಚೆಗೆ ಇಣುಕುವುದಿಲ್ಲವೆಂದು ಅಮೇರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿತು. 2024ರ ಮುನೋಜ್ ಪ್ರಕರಣದಲ್ಲಿ, ವಿದೇಶಿ ಸಂಗಾತಿಗೆ ದೇಶದೊಳಗೆ ಪ್ರವೇಶ ದೊರೆಯಬೇಕೆಂಬುದು ಅಮೇರಿಕದ ಪ್ರಜೆಯ ಮೂಲಭೂತ ಹಕ್ಕಲ್ಲವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ನಿರಾಕರಣೆಗಳನ್ನು ಇಲಾಖೆಯೊಳಗೆ ಮೇಲಧಿಕಾರಿಗಳು ಪರಿಶೀಲಿಸುವ ವ್ಯವಸ್ಥೆಯಿದ್ದರೂ ಅದು ಅರ್ಜಿದಾರರು ಹೂಡಬಹುದಾದ ಮೇಲ್ಮನವಿಯಲ್ಲ.

ಕರ್ನಾಟಕದ ಅರ್ಜಿದಾರರು

ಭಾರತದಲ್ಲಿ ನವದೆಹಲಿಯ ರಾಯಭಾರ ಕಚೇರಿ ಹಾಗೂ ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್ ದೂತಾವಾಸಗಳಲ್ಲಿ ವೀಸಾ ಸಂದರ್ಶನ ನಡೆಯುತ್ತದೆ. ಕರ್ನಾಟಕವು ದೀರ್ಘಕಾಲ ಚೆನ್ನೈ ದೂತಾವಾಸದ ವ್ಯಾಪ್ತಿಯಲ್ಲಿತ್ತು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ದೂತಾವಾಸ ಉದ್ಘಾಟನೆಯಾಯಿತಾದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ಆದ್ದರಿಂದ ರಾಜ್ಯದ ಅರ್ಜಿದಾರರಿಗೆ ಪ್ರತಿ ಮರು ಅರ್ಜಿಯೂ ಶುಲ್ಕದ ಜೊತೆಗೆ ಹೊರರಾಜ್ಯ ಪ್ರಯಾಣದ ವೆಚ್ಚವನ್ನೂ ತರುತ್ತಿತ್ತು.

ಇತರ ದೇಶಗಳಲ್ಲಿ

ಬ್ರಿಟನ್ನಿನ ಸಂದರ್ಶಕ ವೀಸಾ ನಿರಾಕರಣೆಗೂ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಆದರೆ ಕಾರಣಗಳನ್ನು ಲಿಖಿತವಾಗಿ ನೀಡಲಾಗುತ್ತದೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ 2009ರ ವೀಸಾ ಸಂಹಿತೆಯು ಮೇಲ್ಮನವಿಯ ಹಕ್ಕನ್ನು ನೀಡಿದೆ. ಕೆನಡಾದಲ್ಲಿ ಫೆಡರಲ್ ನ್ಯಾಯಾಲಯದ ಪರಿಶೀಲನೆ ಕೋರಬಹುದು. ಅಲ್ಲಿ ಸುಳ್ಳು ಮಾಹಿತಿ ನೀಡಿದವರಿಗೆ 5 ವರ್ಷಗಳ ನಿಷೇಧವಿದೆ.