ಕಿಇತೊ, ಮವಾತ, ತ್ಸುಮುಗಿ: ಜಪಾನಿನ ರೇಷ್ಮೆಯ ಹೆಸರುಗಳು

ಜಪಾನಿ ಭಾಷೆಯಲ್ಲಿ ರೇಷ್ಮೆಗೆ ‘ಕಿನು’ ಎಂಬ ಸಾಮಾನ್ಯ ಹೆಸರಿದ್ದರೂ ಕಸುಬಿನವರಿಗೆ ಅದೊಂದೇ ಸಾಲದು. ಹುಳು ‘ಕಾಇಕೊ’, ಅಂದರೆ ಸಾಕಿದ ಹುಳು; ಮನೆತನದ ಬದುಕು ಅದನ್ನೇ ನೆಚ್ಚಿಕೊಂಡಿದ್ದುದರಿಂದ ರೈತರು ಗೌರವದ ಪ್ರತ್ಯಯಗಳನ್ನು ಹಚ್ಚಿ ಅದನ್ನು ‘ಒಕಾಇಕೊಸಾಮ’ ಎಂದು ಕರೆಯುತ್ತಿದ್ದರು. ಗೂಡು ‘ಮಾಯು’, ಬಿಸಿನೀರಿನಲ್ಲಿ ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ಬಿಚ್ಚಿದ, ಇನ್ನೂ ಅಂಟು ತೆಗೆಯದ ಕಚ್ಚಾ ನೂಲು ‘ಕಿಇತೊ’. 1859ರಲ್ಲಿ ಯೊಕೊಹಾಮಾ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆದ ಮೇಲೆ ದೇಶದ ಮುಖ್ಯ ರಫ್ತಾದದ್ದು ಈ ಕಿಇತೊ. ಅದರ ಗುಣಮಟ್ಟ ಹೆಚ್ಚಿಸಲೆಂದೇ ಮೇಜಿ ಸರ್ಕಾರವು ಫ್ರಾನ್ಸಿನ ಪಾಲ್ ಬ್ರೂನಾನ ಮಾರ್ಗದರ್ಶನದಲ್ಲಿ 1872ರಲ್ಲಿ ತೊಮಿಯೊಕದ ನೂಲು ಬಿಚ್ಚುವ ಕಾರ್ಖಾನೆಯನ್ನು ಸ್ಥಾಪಿಸಿತು.

ಆದರೆ ಹೆಸರುಗಳ ನಿಜವಾದ ಸ್ವಾರಸ್ಯವಿರುವುದು ರಫ್ತಿಗೆ ಹೋದ ನುಣುಪು ನೂಲಿನಲ್ಲಲ್ಲ, ಬಿಚ್ಚಲು ಬಾರದ ಗೂಡುಗಳಲ್ಲಿ. ಎರಡು ಹುಳುಗಳು ಕೂಡಿ ಕಟ್ಟಿದ ಜೋಡಿ ಗೂಡು ‘ತಮಮಾಯು’. ಎಳೆಗಳು ಸಿಕ್ಕಾಗುವುದರಿಂದ ಅದು ನುಣುಪು ನೂಲಿಗೆ ಒದಗದು. ಇಂಥ ಗೂಡುಗಳನ್ನು ಸೋಡಾ ಬೆರೆತ ನೀರಿನಲ್ಲಿ ಕುದಿಸಿ, ಬೆರಳಿನಿಂದ ಬಿಡಿಸಿ, ಒಂದರ ಮೇಲೊಂದು ಚೀಲದಂತೆ ಹಿಗ್ಗಿಸಿದಾಗ ದೊರೆಯುವ ಅರಳೆಯೇ ‘ಮವಾತ’. ಪದದ ಅರ್ಥ ‘ನಿಜವಾದ ಅರಳೆ’. ಹತ್ತಿ ಬೆಳೆ ಹರಡುವ ಮೊದಲು ‘ವಾತ’ ಎಂದರೆ ರೇಷ್ಮೆಯ ಅರಳೆಯೇ ಆಗಿತ್ತು. ಹೊಸದಾಗಿ ಬಂದ ಹತ್ತಿ ಆ ಹೆಸರನ್ನು ಕಿತ್ತುಕೊಂಡ ಮೇಲೆ ಹಳೆಯದಕ್ಕೆ ‘ನಿಜವಾದ’ ಎಂಬ ವಿಶೇಷಣ ಹಚ್ಚಬೇಕಾಯಿತು.

ಮವಾತದಿಂದ ಕೈಯಲ್ಲಿ ನೂಲೆಳೆದು ನೇಯ್ದ ಬಟ್ಟೆ ‘ತ್ಸುಮುಗಿ’. ಯೂಕಿ ಊರಿನ ಸುತ್ತಮುತ್ತ ಹೆಂಗಸರು ಅರಳೆಯನ್ನು ಕೋಲಿಗೆ ಸಿಕ್ಕಿಸಿ, ಬೆರಳನ್ನು ಎಂಜಲಿನಿಂದ ಒದ್ದೆ ಮಾಡಿಕೊಳ್ಳುತ್ತ, ಹುರಿಯಿಲ್ಲದ ಎಳೆಯನ್ನು ಜಗ್ಗುತ್ತಾರೆ. ನೇಯುವವರು ‘ಜಿಬತ’ ಎಂಬ ಮಗ್ಗದ ಹಾಸನ್ನು ತಮ್ಮ ಸೊಂಟಕ್ಕೇ ಬಿಗಿದುಕೊಂಡು, ಮೈಯ ಭಾರದಿಂದಲೇ ಅದನ್ನು ಬಿಗಿ ಹಿಡಿಯುತ್ತಾರೆ.

ಹುರಿಯಿಲ್ಲದ ಈ ನೂಲಿಗೆ ವಿರುದ್ಧವಾದ ಜಾಣ್ಮೆ ‘ಚಿರಿಮೆನ್’ ಬಟ್ಟೆಯದು. ಅದರ ಹೊಕ್ಕಿನ ಎಳೆಗಳಿಗೆ ಎಡಕ್ಕೂ ಬಲಕ್ಕೂ ಬಿರುಸಾಗಿ ಹುರಿ ಕೊಟ್ಟು, ಒಂದರ ನಂತರ ಮತ್ತೊಂದನ್ನು ಸೇರಿಸಿ ನೇಯ್ದು, ಆಮೇಲೆ ಅಂಟು ತೆಗೆದರೆ, ಹುರಿ ಬಿಚ್ಚಿಕೊಳ್ಳಲು ಹವಣಿಸುವ ಎಳೆಗಳು ಬಟ್ಟೆಯನ್ನು ಕುಗ್ಗಿಸಿ ‘ಶಿಬೊ’ ಎಂಬ ಸಣ್ಣ ನಿರಿಗೆಗಳನ್ನು ಎಬ್ಬಿಸುತ್ತವೆ. ಈ ವಿದ್ಯೆ ಕ್ಯೊತೊದ ನಿಶಿಜಿನ್ ನೇಕಾರರಿಂದ 18ನೇ ಶತಮಾನದಲ್ಲಿ ತಾಂಗೊ ಸೀಮೆಗೆ ಹಬ್ಬಿತು. ‘ಪಶ್ಚಿಮದ ಪಾಳೆಯ’ ಎಂಬ ಅರ್ಥದ ನಿಶಿಜಿನ್ ಎಂಬ ಹೆಸರು 1467ರಿಂದ 1477ರವರೆಗಿನ ಓನಿನ್ ಯುದ್ಧದ ನೆನಪು.

ಮೇಜಿ ಸರ್ಕಾರಕ್ಕೂ ಮೊದಲಿನ ಎದೊ ಕಾಲದ ಕಟ್ಟಳೆಗಳು ಸಾಮಾನ್ಯ ರೈತರಿಗೆ ನಾರುಬಟ್ಟೆ ಮತ್ತು ಹತ್ತಿಯನ್ನಷ್ಟೇ ವಿಧಿಸಿ, ಊರ ಮುಖ್ಯಸ್ಥರಿಗೆ ತ್ಸುಮುಗಿಯವರೆಗೆ ಸಡಿಲು ಕೊಟ್ಟಿದ್ದವು. ಒರಟು ರೇಷ್ಮೆಯೆಂದು ಕೆಳಗಿಟ್ಟಿದ್ದ ಆ ಬಟ್ಟೆ ಇಂದು ದುಬಾರಿ; ಯೂಕಿಯ ನೇಯ್ಗೆಯನ್ನು ಯುನೆಸ್ಕೊ 2010ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿತು. ಆದರೂ ಉಡುಪಿನ ಶಿಷ್ಟಾಚಾರದಲ್ಲಿ ಅದು ಈಗಲೂ ದಿನಬಳಕೆಯ ವಸ್ತ್ರವೇ, ಬೆಲೆ ಎಷ್ಟೇ ಇರಲಿ, ಮದುವೆಯಂಥ ಔಪಚಾರಿಕ ಸಮಾರಂಭಕ್ಕೆ ಒಪ್ಪುವುದಿಲ್ಲ.