ಕಡಲಿಲ್ಲದ ಜಿಲ್ಲೆಯ ಚಿಪ್ಪಿನ ಮಣಿ

ಬಿ.ದುರ್ಗ, ಹೊಳಲ್ಕೆರೆ ಕಡೆಯವರಿಗೆ ಕಡಲು ಅಂದ್ರೆ ಶಾಲಾ ಪ್ರವಾಸದ ನೆನಪು, ಅಷ್ಟೇ. ಆದರೆ 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸಿದಾಗ ಸಿಕ್ಕ ಮಣಿಗಳಲ್ಲಿ ಚಿಪ್ಪಿನವೂ ಇದ್ದವು. ಚಂದ್ರವಳ್ಳಿಯ ರೋಮನ್ ನಾಣ್ಯಗಳ ಕಥೆಗೆ ನಾವೆಲ್ಲ ಕಿವಿ ನಿಮಿರಿಸ್ತೀವಿ. ಚಿಪ್ಪಿನ ಮಣಿಯನ್ನ ಯಾರೂ ವಿಚಾರಿಸಲ್ಲ.

ವಿಚಾರಿಸಬೇಕು. ಯಾಕಂದ್ರೆ ಚಿಪ್ಪು ಬರೀ ಸುಣ್ಣ ಅಲ್ಲ. ಸುಣ್ಣದಕಲ್ಲು ನಮ್ಮಲ್ಲೇ ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ ಇರೋ ಮಾರಿಕಣಿವೆಯ ಬಂಡೆಗಳಲ್ಲಿ ಪದರ ಪದರವಾದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳ ಹಾಸಿನ ಮೇಲೆ ಕಾರ್ಬೊನೇಟ್ ಕೂತು ಆದವು, 250 ಕೋಟಿ ವರ್ಷಕ್ಕೂ ಹಳೆಯವು. ಚಿಪ್ಪಿನ ಪ್ರಾಣಿಗಳು ಬಂದದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಸಾಮಗ್ರಿ ಹಳೆಯದೇ, ಹೊಸಬ ಅಂದ್ರೆ ಮೇಸ್ತ್ರಿ.

ಆ ಮೇಸ್ತ್ರಿಯ ಸುಳಿವು ಸಿಕ್ಕಿದ್ದು ಆಮ್ಲದಲ್ಲಿ. ಚಿಪ್ಪನ್ನು ಆಮ್ಲಕ್ಕೆ ಹಾಕಿದರೆ ಸುಣ್ಣ ಕರಗಿ ತೆಳ್ಳನೆಯ ಪೊರೆ ಉಳಿಯುತ್ತೆ. 1855ರಲ್ಲಿ ಫ್ರಾನ್ಸಿನ ಫ್ರೆಮಿ ಅದಕ್ಕೆ ಕಾಂಕಿಯೊಲಿನ್ ಅಂತ ಹೆಸರಿಟ್ಟ. ಅದು ಬರೀ ಅಂಟೋ, ಅಥವಾ ಕೆಲಸ ಮಾಡಿಸೋ ಯಜಮಾನನೋ? ಉತ್ತರಕ್ಕೆ 1996ರವರೆಗೆ ಕಾಯಬೇಕಾಯ್ತು. ಆ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರೂ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದವರೂ ಬೇರೆ ಬೇರೆಯಾಗಿ ತೋರಿಸಿದರು: ಚಿಪ್ಪಿನ ಯಾವ ಪದರದ ಪ್ರೋಟೀನ್ ಹಾಕ್ತೀರೋ, ಅದಕ್ಕೆ ತಕ್ಕಂತೆ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್ ಕ್ಯಾಲ್ಸೈಟ್ ಆಗುತ್ತೆ, ಇಲ್ಲವೇ ಅರಗೊನೈಟ್ ಆಗುತ್ತೆ. ಅದೇ ವರ್ಷ ಜಪಾನಿನವರು ಮುತ್ತಿನ ಚಿಪ್ಪಿನ ನ್ಯಾಕ್ರೀನ್ ಅನ್ನೋ ಪ್ರೋಟೀನಿನ ವಿವರ ಬಿಚ್ಚಿಟ್ಟರು. ಇಂಥ ಪ್ರೋಟೀನ್‌ಗಳಲ್ಲಿ ಹಲವಕ್ಕೆ ಆಮ್ಲೀಯ ಗುಣ. ಕ್ಯಾಲ್ಸಿಯಂ ಅಯಾನುಗಳನ್ನ ಹಿಡಿದಿಟ್ಟು, ಕೈಟಿನ್ ಚೌಕಟ್ಟಿನ ಮೇಲೆ ಹರಳು ಎಲ್ಲಿ, ಯಾವ ರೂಪದಲ್ಲಿ ಹುಟ್ಟಬೇಕು ಅಂತ ತೀರ್ಮಾನ ಮಾಡೋದು ಅವೇ.

ಮುತ್ತಿನ ಹೊಳಪಿನ ಪದರದಲ್ಲಿ ಶೇ. 95ರಷ್ಟು ಖನಿಜ; ಉಳಿದ ಒಂದಿಷ್ಟು ಪ್ರೋಟೀನ್ ಮತ್ತು ಕೈಟಿನ್. ಆ ಒಂದಿಷ್ಟರಿಂದಲೇ ಬಿರುಕು ನೇರವಾಗಿ ಓಡದೆ ಪದರಗಳ ನಡುವೆ ಅಡ್ಡಾಡಿ ಸುಸ್ತಾಗುತ್ತೆ. ಬರೀ ಖನಿಜವಾಗಿದ್ದರೆ ಅಷ್ಟು ಗಟ್ಟಿ ಇರ್ತಿರಲಿಲ್ಲ.

ಇನ್ನು ಮಣಿಗೆ ಬರೋಣ. ಯಾರೋ ಅಂಥ ಚಿಪ್ಪನ್ನು ತೇದು, ತೂತು ಕೊರೆದು, ದಾರಕ್ಕೆ ಪೋಣಿಸಿದರು. ಅವರಿಗೆ ಪ್ರೋಟೀನ್ ಗೊತ್ತಿರಲಿಲ್ಲ, ಚಿಪ್ಪು ಸುಲಭಕ್ಕೆ ಒಡೆಯಲ್ಲ ಅನ್ನೋದು ಕೈಗೆ ಗೊತ್ತಿತ್ತು. ಕಡಲಿಂದ ಸುಮಾರು 200 ಕಿ.ಮೀ. ಒಳಗಿನ ಈ ಜಿಲ್ಲೆಯಲ್ಲಿ ಅದು ಇಷ್ಟು ಶತಮಾನ ಮಣ್ಣಲ್ಲಿ ಉಳಿದಿತ್ತು.

ಮನೆಯಲ್ಲಿ ಒಂದು ಸಣ್ಣ ಚಿಪ್ಪನ್ನು ವಿನೆಗರ್‌ನಲ್ಲಿ ಹಾಕಿಟ್ಟು ನೋಡಿ. ಕೊನೆಗೆ ಉಳಿಯೋ ಪೊರೆಯೇ ಆ ಮೇಸ್ತ್ರಿಯ ಗುರುತು.