ಗೇಟ್‌ಮನ್ ಇಲ್ಲದ ಟಾಕೀಸು

ಹಿರೇಕೆರೂರು ಕಡೆ ಹಳಬರನ್ನು ಕೇಳಿದರೆ ಟೆಂಟ್ ಟಾಕೀಸಿನ ಕಥೆ ಹೇಳುತ್ತಾರೆ. ಪೋಸ್ಟರ್ ಮೇಲೆ ‘ಎ’ ಅಂತ ಇದ್ದರೆ ಹುಡುಗರಿಗೆ ಒಳಗೆ ಹೋಗುವ ಆಸೆ ಜಾಸ್ತಿ. ಆದರೆ ಗೇಟಿನಲ್ಲಿ ಟಿಕೆಟ್ ಹರಿಯುವವನು ಊರಿನವನೇ. "ಯಾರ ಮಗಲೇ ನೀ? ನಿಮ್ಮಪ್ಪಗ ಹೇಳ್ಲೇನು?" ಅಂದರೆ ಸಾಕು, ಹುಡುಗ ಓಟ.

ಆ ‘ಎ’ ಅಕ್ಷರಕ್ಕೆ ಬಲ ಕೊಟ್ಟದ್ದು 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಮೊದಲು ‘ಯು’ ಮತ್ತು ‘ಎ’ ಎರಡೇ ಇದ್ದವು. 1983ರಲ್ಲಿ ‘ಯುಎ’ ಸೇರಿತು. 2023ರ ತಿದ್ದುಪಡಿಯಲ್ಲಿ ಅದೇ 7+, 13+, 16+ ಎಂದು ಮೂರಾಯಿತು.

ಇಂಟರ್ನೆಟ್‌ಗೂ ಇಂಥದೇ ಚೀಟಿ ಅಂಟಿಸಲು ಹೋದವರಿದ್ದರು. ನಮ್ಮ ದೇಶದಲ್ಲಿ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ‘ಪಿಕ್ಸ್’ ಎಂಬ ಪದ್ಧತಿ ತಂದಿತು. ವೆಬ್‌ಸೈಟ್ ಮಾಡಿದವನೇ ತನ್ನ ಪುಟದಲ್ಲಿ ಹೊಡೆದಾಟ ಎಷ್ಟು, ಬೈಗುಳ ಎಷ್ಟು, ನಗ್ನತೆ ಎಷ್ಟು ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಅದು ಪುಟದ ಒಳಗೆ, ಕಣ್ಣಿಗೆ ಕಾಣದಂತೆ ಇರುತ್ತದೆ. ಕಂಪ್ಯೂಟರ್ ಅದನ್ನು ಓದಿ, ಅಪ್ಪ ಅಮ್ಮ ಇಟ್ಟ ಮಿತಿ ಮೀರಿದರೆ ಪುಟ ತೆರೆಯುವುದಿಲ್ಲ. ಅದೇ 1996ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಈ ಬೀಗ ಇಟ್ಟಿತು.

ಯೋಚನೆ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಎಲ್ಲಿ ಅಂದರೆ, ಹೆಚ್ಚಿನವರು ಚೀಟಿ ಅಂಟಿಸಲೇ ಇಲ್ಲ. ಚೀಟಿ ಇಲ್ಲದ್ದನ್ನೆಲ್ಲ ತಡೆದರೆ ಶಾಲೆಗೆ ಬೇಕಾದ ಪುಟವೂ ಬರದು. ಬಿಟ್ಟರೆ ಬೀಗ ಹಾಕಿದ್ದೇ ದಂಡ. ಬೇಡವಾದದ್ದನ್ನು ಮಾರುವವನು ತಾನೇ ನಾಲ್ಕು ಅಂಕ ಹಾಕಿಕೊಳ್ಳುತ್ತಾನೆಯೇ? 1999ರಲ್ಲಿ ಇದೇ ಕೆಲಸಕ್ಕೆ ಹುಟ್ಟಿದ ‘ಇಕ್ರಾ’ ಎಂಬ ಸಂಸ್ಥೆಯ ಚೀಟಿಗಳೂ 2010ಕ್ಕೆ ನಿಂತವು.

ಆಗ ನಮ್ಮ ಹಳ್ಳಿಗಳಿಗೆ ಇದರ ಬಿಸಿ ತಟ್ಟಿರಲಿಲ್ಲ. 2016ರಲ್ಲಿ ಜಿಯೋ ಬಂತು, 2020ರಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂತು. ಸವಣೂರು, ಶಿಗ್ಗಾವಿ ಕಡೆ ಸುದ್ದಿಗೆ ಹೋದಾಗ ಅಪ್ಪನ ಫೋನು ಮಗಳ ಕೈಯಲ್ಲೇ ಇರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

2021ರ ಫೆಬ್ರುವರಿಯ ಐಟಿ ನಿಯಮಗಳು ಚೀಟಿಯನ್ನು ಮತ್ತೆ ತಂದವು. ನೆಟ್‌ಫ್ಲಿಕ್ಸ್‌ನಂಥ ಒಟಿಟಿಗಳು ವಯಸ್ಸಿನ ಗುರುತು ಹಾಕಲೇಬೇಕು. ಯು/ಎ 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಪೋಷಕರ ಬೀಗ ಕೊಡಲೇಬೇಕು. ಆದರೆ ಜನ ಹಾಕುವ ರೀಲ್ಸ್‌ಗೆ ಈ ಗುರುತು ಅನ್ವಯಿಸುವುದಿಲ್ಲ. ನಮ್ಮ ಮಕ್ಕಳು ನೋಡುವುದು ಅದನ್ನೇ!

ಆ್ಯಪ್‌ಗಳಿಗೆ ಮಾತ್ರ ಒಂದು ದಾರಿ ಇದೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪೇರೆಂಟಲ್ ಕಂಟ್ರೋಲ್ಸ್’ ತೆರೆದು ಪಿನ್ ಹಾಕಿದರೆ, ವಯಸ್ಸಿನ ಗುರುತು ನೋಡಿ ಡೌನ್‌ಲೋಡ್ ತಡೆಯುತ್ತದೆ. ಹಾನಗಲ್ ತಾಲ್ಲೂಕಿನ ಒಬ್ಬ ತಾಯಿಗೆ ಇದನ್ನು ಹೇಳಿದೆ. "ಹಾಕೇವ್ರಿ ಅಣ್ಣಾರ" ಅಂದರು. ಪಿನ್ ಹಾಕಿದವರು ಯಾರು ಎಂದು ಕೇಳಿದೆ.

"ನನಗೆಲ್ಲಿ ಇಂಗ್ಲಿಷ್ ಬರ್ತದ್ರಿ? ನಮ್ಮ ಹುಡುಗನ ಹಾಕಿಕೊಟ್ಟಾನ."